ಮೇಲ್‌ಬಾಕ್ಸಿನ ಅನಿತ್ಯಭಾವನೆ

2011ರ ಫೆಬ್ರವರಿ 27, ಭಾನುವಾರ. ಅಂದು ಜೀಮೇಲ್ ತೆರೆದ ಕೆಲವರಿಗೆ ಇನ್‌ಬಾಕ್ಸ್ ಖಾಲಿ ಕಂಡಿತು. ಪಾಸ್‌ವರ್ಡ್ ಸರಿಯಿತ್ತು, ಖಾತೆ ಅವರದೇ ಆಗಿತ್ತು, ಒಳಗೆ ಮಾತ್ರ ಏನೂ ಇರಲಿಲ್ಲ. ಗೂಗಲ್ ಕೊಟ್ಟ ಲೆಕ್ಕದ ಪ್ರಕಾರ ಹೀಗಾದದ್ದು ಬಳಕೆದಾರರಲ್ಲಿ ಶೇಕಡಾ 0.02ರಷ್ಟು ಮಂದಿಗೆ. ಹತ್ತು ಸಾವಿರಕ್ಕೆ ಇಬ್ಬರು. ಆದರೆ ಆ ಇಬ್ಬರಲ್ಲಿ ಒಬ್ಬರಾದವರ ಪಾಲಿಗೆ ಹೋದದ್ದು ನೂರಕ್ಕೆ ನೂರು.

ಪತ್ರಗಳನ್ನು ಸಂಗ್ರಹಿಸುವ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಒಂದು ದೋಷ ನುಸುಳಿತ್ತು. ಒಂದೊಂದು ಪತ್ರಕ್ಕೂ ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಹಲವು ಪ್ರತಿಗಳಿದ್ದವು. ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಇರಲಿ ಎಂಬ ಏರ್ಪಾಡು. ಆದರೆ ಅಷ್ಟೂ ಪ್ರತಿಗಳು ಒಂದೇ ತಂತ್ರಾಂಶದ ಮಾತು ಕೇಳುತ್ತಿದ್ದವು. ಅದು ದಾರಿ ತಪ್ಪಿದಾಗ ಇವೂ ಒಟ್ಟಿಗೇ ತಪ್ಪಿದವು. ಕೊನೆಗೆ ಕೈಹಿಡಿದದ್ದು ಹಳೆಯ ಕಾಲದ ಮ್ಯಾಗ್ನೆಟಿಕ್ ಟೇಪ್. ಯಾವ ಸರ್ವರಿಗೂ ಜೋಡಿಸದೆ ಪಕ್ಕಕ್ಕೆ ಎತ್ತಿಟ್ಟಿದ್ದರಿಂದ ದೋಷ ಅದರವರೆಗೆ ತಲುಪಲಿಲ್ಲ. ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯಿತು. ಆದರೆ ಪತ್ರಗಳು ಬಂದವು.

ಮೇಲ್ ಸರ್ವರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಈ ಪ್ರಸಂಗವನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಎಲ್ಲರ ಪ್ರಶ್ನೆಯೂ ಒಂದೇ: "ಫೋನಲ್ಲೂ ಇದೆ, ಲ್ಯಾಪ್‌ಟಾಪಲ್ಲೂ ಇದೆ, ಆಫೀಸಿನ ಕಂಪ್ಯೂಟರಲ್ಲೂ ಇದೆ. ಮತ್ತೆ ಬ್ಯಾಕಪ್ ಯಾಕೆ ಸಾರ್?" ನನ್ನ ಉತ್ತರವೂ ಒಂದೇ. ಅವು ಮೂರು ಪತ್ರಗಳಲ್ಲ. ಒಂದೇ ಪತ್ರವನ್ನು ಮೂರು ಕಿಟಕಿಯಿಂದ ನೋಡುತ್ತಿದ್ದೀರಿ. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ರೂಪಿಸಿದ ಐಮ್ಯಾಪ್ ವ್ಯವಸ್ಥೆಯ ಉದ್ದೇಶವೇ ಅದು. ಪತ್ರ ಸರ್ವರಿನಲ್ಲಿರುತ್ತದೆ, ಉಳಿದ ಕಡೆ ಅದರ ನೋಟವಿರುತ್ತದೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಅದಕ್ಕೂ ಎರಡು ವರ್ಷ ಮೊದಲು ಬಂದ ಪಾಪ್ ವ್ಯವಸ್ಥೆಯ ರೀತಿಯೇ ಬೇರೆ. ಸಾಮಾನ್ಯವಾಗಿ ಪತ್ರವನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡು ಸರ್ವರಿನಿಂದ ತೆಗೆದುಬಿಡುತ್ತಿತ್ತು. ಆಗ ಪತ್ರದ ಆಯುಷ್ಯ ಒಂದು ಹಾರ್ಡ್ ಡಿಸ್ಕಿನ ಆಯುಷ್ಯ. ಮೊದಲನೆಯದರಲ್ಲಿ ಎಲ್ಲ ಪ್ರತಿಗಳಿಗೂ ಒಂದೇ ಹಣೆಬರಹ, ಎರಡನೆಯದರಲ್ಲಿ ಇರುವುದೇ ಒಂದು ಪ್ರತಿ. ಎರಡರಲ್ಲೂ ನಿಶ್ಚಿಂತೆಗೆ ಎಡೆಯಿಲ್ಲ.

ಬ್ಯಾಕಪ್ ಇದ್ದರೆ ನಿಶ್ಚಿಂತೆಯೇ ಎಂದರೆ ಅದೂ ಪೂರ್ತಿ ನಿಜವಲ್ಲ. ಬ್ಯಾಕಪ್ ಯಾವತ್ತೂ ನಿನ್ನೆಯದು. ರಾತ್ರಿ ಎರಡು ಗಂಟೆಗೆ ಪ್ರತಿ ತೆಗೆಯುವ ಸರ್ವರಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಬಂದ ಪತ್ರ ಮರುದಿನ ಎರಡು ಗಂಟೆಯವರೆಗೆ ಬರಿಮೈಯಲ್ಲಿ ನಿಂತಿರುತ್ತದೆ. ಗಂಟೆಗೊಮ್ಮೆ ತೆಗೆದರೆ ಆ ಅಂತರ ಒಂದು ಗಂಟೆಯಾಗುತ್ತದೆ, ನಿಮಿಷಕ್ಕೊಮ್ಮೆ ತೆಗೆದರೆ ಒಂದು ನಿಮಿಷ. ಕಡಿಮೆ ಮಾಡಬಹುದು, ಇಲ್ಲವಾಗಿಸಲು ಆಗುವುದಿಲ್ಲ. 2011ರಲ್ಲೂ ಹಾಗೇ ಆಯಿತು. ಖಾತೆಗಳು ಬರಿದಾಗಿದ್ದ ಆ ಗಂಟೆಗಳಲ್ಲಿ ಹೊರಗಿನಿಂದ ಬಂದ ಪತ್ರಗಳು ತಲುಪಿರಲಿಕ್ಕಿಲ್ಲ ಎಂದು ಕಂಪನಿಯೇ ಹೇಳಿತು. ಟೇಪಿನಲ್ಲಿ ಅವು ಇರುವ ಸಾಧ್ಯತೆಯೇ ಇರಲಿಲ್ಲ. ನಾವು ಜೋಪಾನ ಮಾಡಬಲ್ಲದ್ದು ಆಗಿಹೋದ ಕ್ಷಣಗಳನ್ನು ಮಾತ್ರ. ಈಗ ನಡೆಯುತ್ತಿರುವ ಕ್ಷಣಕ್ಕೆ ಯಾವ ಯಂತ್ರವೂ ಪ್ರತಿ ತೆಗೆದಿಲ್ಲ.

ಇನ್ನು ಅಳಿಯುವುದರ ಮಾತು. ಡಿಲೀಟ್ ಒತ್ತಿದ ಕೂಡಲೇ ಪತ್ರ ಹೋಯಿತು ಎಂದು ಜನ ತಿಳಿಯುತ್ತಾರೆ. ಸಾಮಾನ್ಯವಾಗಿ ಅದು ಎಲ್ಲೂ ಹೋಗಿರುವುದಿಲ್ಲ. ಐಮ್ಯಾಪ್‌ನಲ್ಲಿ ಅದರ ಮೇಲೆ 'ಅಳಿಸಲಾಗಿದೆ' ಎಂಬ ಒಂದು ಗುರುತು ಬೀಳುತ್ತದೆ. ತೆಗೆದುಹಾಕು ಎಂದು ಇನ್ನೊಂದು ಆದೇಶ ಬರುವವರೆಗೆ ಪತ್ರ ಅಲ್ಲೇ ಇರುತ್ತದೆ. ಜೀಮೇಲ್‌ನ ಟ್ರ್ಯಾಶ್ 30 ದಿನ ಕಾಯುತ್ತದೆ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಟ್ರ್ಯಾಶ್ ಬರಿದು ಮಾಡಿದ ಮೇಲೂ, ಬಳಕೆದಾರರ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಪತ್ರ ಸಾಮಾನ್ಯವಾಗಿ 14 ದಿನ ಇರುತ್ತದೆ. ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಇಷ್ಟು ಅಗಲದ ಹೊಸ್ತಿಲು ಇದೆ ಎಂದು ಈ ಕೆಲಸಕ್ಕೆ ಬರುವ ಮೊದಲು ನನಗೆ ಗೊತ್ತಿರಲಿಲ್ಲ.

ಅದನ್ನು ತೀರ ಹತ್ತಿರದಿಂದ ಕಂಡದ್ದು ನಮ್ಮೂರಿನ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ. ಅವರ ತಮ್ಮ ಮಸ್ಕತ್‌ನಲ್ಲಿದ್ದವರು, ಅಲ್ಲೇ ತೀರಿಕೊಂಡರು. ಅವರು ಬರೆದ ಮೇಲ್‌ಗಳೆಲ್ಲ ಮೇಷ್ಟ್ರ ಹಳೆಯ ಕಂಪ್ಯೂಟರಿನ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿದ್ದವು. ಸರ್ವರಿನಲ್ಲಿ ಪ್ರತಿ ಇರಲಿಲ್ಲ. ರಜೆಗೆ ಬಂದ ಮೊಮ್ಮಗ ಕಂಪ್ಯೂಟರ್ ನಿಧಾನವಾಗಿದೆಯೆಂದು ಹಳೆಯದನ್ನೆಲ್ಲ ಡಿಲೀಟ್ ಮಾಡಿ ಟ್ರ್ಯಾಶ್ ಕೂಡ ಬರಿದು ಮಾಡಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಮೇಷ್ಟ್ರು ಯಾರನ್ನೂ ಬೈದಿರಲಿಲ್ಲ. "ಸಿಗುತ್ತೇನಪ್ಪಾ?" ಎಂದಷ್ಟೇ ಕೇಳಿದರು.

"ಆಗಾಗ ಒಂದು ಸಂದೇಶ ಬಂದು, ಫೋಲ್ಡರ್ ಕಾಂಪ್ಯಾಕ್ಟ್ ಮಾಡಲಾ ಅಂತ ಕೇಳ್ತಿತ್ತಾ ಮೇಷ್ಟ್ರೇ?" ಎಂದೆ.

"ಕೇಳ್ತಿತ್ತು. ನನಗೆ ಅರ್ಥವಾಗದ್ದಕ್ಕೆ ನಾನು ಬೇಡ ಅಂತಲೇ ಒತ್ತೋದು."

ಆ 'ಬೇಡ' ಪತ್ರಗಳನ್ನು ಉಳಿಸಿತ್ತು. ಥಂಡರ್‌ಬರ್ಡ್ ಒಂದು ಫೋಲ್ಡರಿನ ಎಲ್ಲ ಪತ್ರಗಳನ್ನೂ ಎಂಬಾಕ್ಸ್ ಎಂಬ ಒಂದೇ ಉದ್ದನೆಯ ಪಠ್ಯ ಕಡತದಲ್ಲಿ, ಒಂದರ ಕೆಳಗೊಂದರಂತೆ ಬರೆದಿಡುತ್ತದೆ. ಪತ್ರವನ್ನು ಟ್ರ್ಯಾಶಿಗೆ ಕಳಿಸಿದಾಗ ಇನ್‌ಬಾಕ್ಸಿನ ಕಡತದಿಂದ ಅಕ್ಷರಗಳು ಹೋಗುವುದಿಲ್ಲ. ಪತ್ರದ ತಲೆಭಾಗದಲ್ಲಿ ಸ್ಥಿತಿಯನ್ನು ಹೇಳುವ ಒಂದು ಸಾಲಿದೆ. ಓದಿದ ಪತ್ರಕ್ಕೆ ಅಲ್ಲಿ 0001 ಎಂದಿದ್ದರೆ, ಓದಿ ಅಳಿಸಿದ ಪತ್ರಕ್ಕೆ 0009 ಎಂದಿರುತ್ತದೆ. ಒಂದು ಅಂಕಿಯ ವ್ಯತ್ಯಾಸ, ಅಷ್ಟೇ. ಕಾಂಪ್ಯಾಕ್ಟ್ ಮಾಡಿದಾಗಲೇ ಅಕ್ಷರಗಳು ನಿಜವಾಗಿ ಹೋಗುವುದು. ಕಡತದ ಪ್ರತಿ ತೆಗೆದುಕೊಂಡು, ಅದನ್ನು ಸಾಧಾರಣ ಪಠ್ಯ ತಂತ್ರಾಂಶದಲ್ಲಿ ತೆರೆದು, 9 ಇದ್ದಲ್ಲಿ 1 ಮಾಡಿ, ಪಕ್ಕದಲ್ಲಿದ್ದ ಸೂಚಿ ಕಡತವನ್ನು ತೆಗೆದುಹಾಕಿ ಮತ್ತೆ ತೆರೆದೆ. ಪತ್ರಗಳು ಸಾಲಾಗಿ ಬಂದು ನಿಂತವು. ತಮ್ಮನ ಹೆಸರು, 2005, 2006, 2007ರ ದಿನಾಂಕಗಳು.

ಒಂದನ್ನು ತೆರೆದರೆ ಒಳಗೆ ಕನ್ನಡವಿರಲಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಯೂರೋಪಿನ ಭಾಷೆಗಳಲ್ಲಿ ಬರುವ ಚುಕ್ಕೆ ಗೆರೆಗಳು. ಮೇಷ್ಟ್ರ ಮುಖ ಬಾಡಿತು.

ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆದವರಿಗೆಲ್ಲ ಈ ಕಥೆ ಗೊತ್ತು. 1991ರ ಯೂನಿಕೋಡಿನಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು, ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಮೂಡುತ್ತಲೂ ಇತ್ತು. ಆದರೂ ಬಹಳ ವರ್ಷ ನಾವು ನುಡಿ, ಬರಹ, ಶ್ರೀಲಿಪಿಗಳ ಫಾಂಟುಗಳಲ್ಲೇ ಬರೆದೆವು. ಅಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಚಿತ್ರಿಸಿ ಕೂರಿಸಲಾಗಿತ್ತು. ಕಂಪ್ಯೂಟರಿನ ಮಟ್ಟಿಗೆ ಅದು ಯಾವುದೋ ಪರದೇಶದ ಬರಹ. ಫಾಂಟ್ ಇದ್ದಾಗ ಮಾತ್ರ ನಮ್ಮ ಕಣ್ಣಿಗೆ ಕನ್ನಡ. ಆ ಫಾಂಟ್ ಹೋದರೆ ಒಂದು ಬಿಟ್ ಕೂಡ ಕೆಡದೆ ಪತ್ರ ಸತ್ತಂತೆ. ಮೇಷ್ಟ್ರ ಕಂಪ್ಯೂಟರಿಗೆ ಮೊಮ್ಮಗ ವಿಂಡೋಸನ್ನೂ ಹೊಸದಾಗಿ ಹಾಕಿದ್ದ, ಹಳೆಯ ಫಾಂಟುಗಳು ಅದರೊಂದಿಗೆ ಹೋಗಿದ್ದವು. ಬರಹದ 'ಬಿಆರ್‌ಎಚ್ ಕನ್ನಡ' ಫಾಂಟನ್ನು ಇಳಿಸಿ ಹಾಕಿದೆ. ಗೋಜಲಿದ್ದ ಕಡೆ ಸಾಲುಗಳು ಮೂಡಿದವು. "ಅಣ್ಣಾ, ಬೋರ್‌ವೆಲ್ಲಿಗೆ ನೀರು ಬಂತಾ? ಎಷ್ಟು ಇಂಚು?" ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಅವತ್ತು ಸಂಜೆಯೆಲ್ಲ ಕೂತು ಆ ಪತ್ರಗಳನ್ನು ಒಂದೊಂದಾಗಿ ಯೂನಿಕೋಡಿಗೆ ಬದಲಾಯಿಸಿದೆವು. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪಿದವು. ಮೇಷ್ಟ್ರು ಪಕ್ಕದಲ್ಲಿ ಕೂತು ತಿದ್ದಿಸಿದರು.

ಯೋಚಿಸಿ ನೋಡಿದರೆ ಅಲ್ಲಿ ಎರಡು ಮರಣಗಳಿದ್ದವು. ಕಡತ ಅಳಿಯುವುದು ಒಂದು, ಕಡತವನ್ನು ಓದುವ ಸಾಮರ್ಥ್ಯ ಅಳಿಯುವುದು ಇನ್ನೊಂದು. ಬ್ಯಾಕಪ್ ಎಂದರೆ ಎಲ್ಲರೂ ಮೊದಲನೆಯದಕ್ಕೆ ಹೆದರುತ್ತಾರೆ. ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು ನಿಶ್ಶಬ್ದ, ಹೆಚ್ಚು ಖಚಿತ. ಹಳೆಯ ಔಟ್‌ಲುಕ್ ಪತ್ರಗಳನ್ನಿಡುತ್ತಿದ್ದ ಪಿಎಸ್‌ಟಿ ಕಡತ 2 ಜಿಬಿ ಮುಟ್ಟಿದರೆ ತೆರೆಯುತ್ತಲೇ ಇರಲಿಲ್ಲ. ಸರಿಪಡಿಸಲು ಮೈಕ್ರೋಸಾಫ್ಟ್ ಕೊಟ್ಟ ಸಾಧನ ಕಡತದ ತುದಿಯನ್ನೇ ಕತ್ತರಿಸುತ್ತಿತ್ತು. ಒಂದಿಷ್ಟು ಬಲಿ ಕೊಟ್ಟು ಉಳಿದದ್ದನ್ನು ಪಡೆಯಬೇಕಿತ್ತು. ಬ್ಯಾಕಪ್ ಟೇಪಿನಲ್ಲಿ ಎಲ್‌ಟಿಒ ಎಂಬ ಬಗೆ ಇದೆ. ಅದರ ಏಳನೆಯ ತಲೆಮಾರಿನವರೆಗಿನ ಯಂತ್ರಗಳು ತಮಗಿಂತ ಎರಡು ತಲೆಮಾರು ಹಿಂದಿನ ಟೇಪನ್ನು ಓದುತ್ತಿದ್ದವು, ಎಂಟನೆಯದು ಒಂದನ್ನಷ್ಟೇ ಓದುತ್ತದೆ. ಟೇಪು ಕಪಾಟಿನಲ್ಲಿ ಗಟ್ಟಿಯಾಗಿಯೇ ಇರುತ್ತದೆ, ಅದನ್ನು ಓದುವ ಯಂತ್ರ ಮಾರುಕಟ್ಟೆಯಿಂದ ಹೋಗಿರುತ್ತದೆ.

ಅಳಿಸಬೇಕೆಂದವರಿಗೆ ಅಳಿಸಲಾಗದೇ ಹೋದ ಪ್ರಸಂಗವೂ ಇದೆ. 1986ರ ನವೆಂಬರಿನಲ್ಲಿ ಅಮೆರಿಕದಲ್ಲಿ ಇರಾನ್-ಕಾಂಟ್ರಾ ಹಗರಣ ಬಯಲಾಗುತ್ತಿದ್ದಾಗ ಶ್ವೇತಭವನದ ಅಧಿಕಾರಿಗಳಾದ ಜಾನ್ ಪಾಯಿಂಡೆಕ್ಸ್‌ಟರ್ ಮತ್ತು ಆಲಿವರ್ ನಾರ್ತ್ ತಮ್ಮ ಮೇಲ್‌ಗಳನ್ನು ರಾಶಿಗಟ್ಟಲೆ ಅಳಿಸಿದರು. ಆಗ ಅಲ್ಲಿ ಬಳಕೆಯಲ್ಲಿದ್ದದ್ದು ಐಬಿಎಂನ ಪ್ರಾಫ್ಸ್ ವ್ಯವಸ್ಥೆ. ಗುಂಡಿ ಒತ್ತಿದರೆ ಮುಗಿಯಿತು ಎಂದೇ ಅವರು ನಂಬಿದ್ದರು. ನಾರ್ತ್ ಆಮೇಲೆ ಸಂಸತ್ತಿನ ಸಮಿತಿಯ ಮುಂದೆ ಅದನ್ನೇ ಹೇಳಿದರು. ಆದರೆ ಸಿಬ್ಬಂದಿ ವಾಡಿಕೆಯಂತೆ ತೆಗೆದಿಟ್ಟಿದ್ದ ಬ್ಯಾಕಪ್ ಟೇಪುಗಳಲ್ಲಿ ಪತ್ರಗಳಿದ್ದವು, ತನಿಖೆಯವರ ಕೈಗೆ ಸಿಕ್ಕವು. 1989ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ಅಧಿಕಾರ ಬಿಡುವ ಮುನ್ನಾದಿನ ಆ ಟೇಪುಗಳನ್ನು ಅಳಿಸದಂತೆ ತಡೆಯಲು ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಸರ್ಕಾರದ ಇಮೇಲ್ ಕೂಡ ದಾಖಲೆಯೇ, ಅದನ್ನು ಮನಸ್ಸಿಗೆ ಬಂದಂತೆ ನಾಶ ಮಾಡುವ ಹಾಗಿಲ್ಲ ಎಂದು 1993ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ನಾಡಿನ ಹೆಸರಿನಲ್ಲಿ ಬರೆದ ಪತ್ರ ಬರೆದವರದಲ್ಲ, ನಾಡಿನದು. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಆ ಟೇಪುಗಳನ್ನು ರಾತ್ರಿ ಪಾಳಿಯಲ್ಲಿ ಬದಲಾಯಿಸುತ್ತಿದ್ದವರು ಯಾರೋ, ಅವರ ಹೆಸರು ಯಾವ ಚರಿತ್ರೆಯಲ್ಲೂ ಬರುವುದಿಲ್ಲ. ಅವರು ತಮ್ಮ ಕೆಲಸವನ್ನು ದಿನವೂ ತಪ್ಪದೆ ಮಾಡಿದ್ದರು.

ಉಳಿಯುವುದೆಂದರೇನು ಎಂದು ಯೋಚಿಸುವಾಗ ಜೈನ ದರ್ಶನದ ಮೂರು ಪದಗಳು ನನಗೆ ನೆರವಿಗೆ ಬರುತ್ತವೆ: ಉತ್ಪಾದ, ವ್ಯಯ, ಧ್ರೌವ್ಯ. ಇರುವುದೆಲ್ಲ ಈ ಮೂರರಿಂದ ಕೂಡಿದೆ ಎನ್ನುತ್ತದೆ ತತ್ತ್ವಾರ್ಥಸೂತ್ರ. ಹುಟ್ಟುತ್ತಿರುತ್ತದೆ, ಅಳಿಯುತ್ತಿರುತ್ತದೆ, ಅದೇ ಹೊತ್ತಿಗೆ ನೆಲೆಯಾಗಿಯೂ ಇರುತ್ತದೆ. ಬದಲಾಗುವುದು ಪರ್ಯಾಯ, ಬದಲಾವಣೆಗಳ ಮೂಲಕ ಸಾಗಿ ಬರುವುದು ದ್ರವ್ಯ. ಎಲ್ಲವೂ ಕ್ಷಣಿಕ, ಪ್ರವಾಹವೊಂದೇ ನಿಜ ಎನ್ನುವ ಬೌದ್ಧರ ಮಾತಿಗೂ ನನ್ನಲ್ಲಿ ಗೌರವವಿದೆ. ಆದರೆ ಮೇಲ್‌ಬಾಕ್ಸುಗಳನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುತ್ತ ಬಂದ ನನಗೆ ಜೈನರ ಮಾತೇ ಹೆಚ್ಚು ಹಿಡಿಸುತ್ತದೆ. ಸಾಮಾನ್ಯವಾಗಿ ಇಮೇಲಿನ ತಲೆಭಾಗದಲ್ಲಿ ಮೆಸೇಜ್-ಐಡಿ ಎಂಬ ಸಾಲಿರುತ್ತದೆ. ಹುಟ್ಟುವಾಗ ಬಂದ ಗುರುತು. ಅದರ ಮೇಲೆ, ದಾರಿಯಲ್ಲಿ ಹಾದ ಒಂದೊಂದು ಸರ್ವರೂ ತನ್ನ ಮುದ್ರೆಯನ್ನು ಒಂದೊಂದು ಸಾಲಾಗಿ ಸೇರಿಸುತ್ತದೆ. ಪತ್ರ ಎಂಬಾಕ್ಸಿನಿಂದ ಪಿಎಸ್‌ಟಿಗೆ, ಪಿಎಸ್‌ಟಿಯಿಂದ ಜೀಮೇಲಿಗೆ ಹೋಗುತ್ತದೆ. ಡಿಸ್ಕ್ ಬೇರೆ, ದೇಶ ಬೇರೆ, ಕಡತದ ಆಕಾರ ಬೇರೆ. ಆ ಗುರುತು ಮಾತ್ರ ಬದಲಾಗುವುದಿಲ್ಲ.

ಆದರೆ ಆ ಧ್ರೌವ್ಯ ತಾನಾಗಿ ಒದಗುವುದಿಲ್ಲ, ಯಾರಾದರೂ ಸಾಗಿಸಬೇಕು. ಕನ್ನಡಿಗರಿಗೆ ಇದನ್ನು ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾಳೆ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅದು ತಾಳೆಗರಿ, ಕಂಟದಲ್ಲಿ ಕೊರೆಯಬೇಕು, ಒಂದೊಂದು ಪ್ರತಿಗೂ ಒಬ್ಬ ಲಿಪಿಕಾರ ಅದೆಷ್ಟೋ ದಿನ ಬೆನ್ನು ಬಾಗಿಸಿ ಕೂರಬೇಕು. ಶಾಂತಿಪುರಾಣ ಇಂದು ನಮ್ಮ ಕೈಯಲ್ಲಿದೆ. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯ ಇಲ್ಲ; ಬೇರೆ ಗ್ರಂಥಗಳಲ್ಲಿ ಉದಾಹರಣೆಯಾಗಿ ಬಂದ ಕೆಲವು ಪದ್ಯಗಳಿಂದಷ್ಟೇ ಅದನ್ನು ಬಲ್ಲೆವು. ಒಂದಕ್ಕೆ ಅತ್ತಿಮಬ್ಬೆ ಇದ್ದಳು, ಇನ್ನೊಂದಕ್ಕೆ ಇರಲಿಲ್ಲ ಎಂಬುದೊಂದೇ ಕಾರಣವೆಂದು ಹೇಳಲಾಗದು. ಗೆದ್ದಲು, ತೇವ, ಯುದ್ಧ, ಮರೆವು ಎಲ್ಲಕ್ಕೂ ಪಾಲಿದೆ. ಆದರೂ ಈ ಎರಡು ಹೆಸರುಗಳು ಅಕ್ಕಪಕ್ಕ ಬಂದಾಗ ನಾನು ಮುಂದಕ್ಕೆ ಓದಲಾಗದೆ ನಿಂತುಬಿಡುತ್ತೇನೆ. ಆ ಸಾವಿರ ಪ್ರತಿಗಳನ್ನು ನೋಡಿ ಬರೆದವರು ಮುಂದೆ ಬಂದರು, ಅವರದನ್ನು ನೋಡಿ ಇನ್ನೊಬ್ಬರು. ಕಾಲಕಾಲಕ್ಕೆ ಲಿಪಿಯ ರೂಪ ಬದಲಾಯಿತು, ಅವರು ತಮ್ಮ ಕಾಲದ ಲಿಪಿಯಲ್ಲಿ ಬರೆದುಕೊಂಡರು. ಮೇಷ್ಟ್ರ ಮನೆಯಲ್ಲಿ ಆ ಸಂಜೆ ನಾವು ಮಾಡಿದ್ದೂ ಅದೇ ಕೆಲಸ.

ಹಾಗಾದರೆ ಎಲ್ಲವನ್ನೂ ಉಳಿಸಬೇಕೆ? ಬೇಕಿಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಗೆಳೆಯ ಜ್ಯಾಕ್ ಸ್ಮಿತ್ ಜೊತೆ 1996ರಲ್ಲಿ ಹಾಟ್‌ಮೇಲ್ ಶುರುಮಾಡಿದಾಗ ಒಬ್ಬರಿಗೆ ಸಿಗುತ್ತಿದ್ದ ಜಾಗ 2 ಎಂಬಿ. ಆಗ ಒಂದು ಪತ್ರ ಇಟ್ಟುಕೊಳ್ಳಬೇಕಾದರೆ ಇನ್ನೊಂದನ್ನು ಬಿಡಬೇಕಿತ್ತು, ಯಾವುದನ್ನು ಎಂದು ಯೋಚಿಸಬೇಕಿತ್ತು. 2004ರ ಏಪ್ರಿಲ್ 1ರಂದು ಜೀಮೇಲ್ 1 ಜಿಬಿ ಕೊಟ್ಟು, ಇನ್ನು ಅಳಿಸುವ ಅಗತ್ಯವೇ ಇಲ್ಲ ಎಂದಿತು. ಅಳಿಸುವುದು ನಿಂತಿತು, ಅದರೊಂದಿಗೆ ಆರಿಸುವುದೂ ನಿಂತಿತು. ಈಗ ನಮ್ಮ ಇನ್‌ಬಾಕ್ಸ್‌ಗಳಲ್ಲಿ ಒಟಿಪಿ, ಕರೆಂಟ್ ಬಿಲ್, ಜಾಹೀರಾತುಗಳ ನಡುವೆ ಅಪ್ಪನ ಪತ್ರ ಎಲ್ಲೋ ಇದೆ. ಎಲ್ಲ ಪತ್ರವೂ ಉಳಿಯಬೇಕಾದದ್ದಲ್ಲ. ನೆಟ್‌ವರ್ಕಿನಲ್ಲಿ ಮೊದಲ ಇಮೇಲ್ ಕಳಿಸಿದ ರೇ ಟಾಮ್ಲಿನ್‌ಸನ್‌ಗೆ 1971ರ ಆ ಮೊದಲ ಸಂದೇಶದಲ್ಲಿ ಏನಿತ್ತೆಂಬುದೇ ನೆನಪಿರಲಿಲ್ಲ. ಪಕ್ಕಪಕ್ಕದಲ್ಲೇ ಇದ್ದ ಎರಡು ಕಂಪ್ಯೂಟರುಗಳ ನಡುವೆ ಪ್ರಯೋಗಕ್ಕೆಂದು ಕಳಿಸಿದ್ದು, ಉಳಿಯಲಿಲ್ಲ. ಅದು ಹೋದದ್ದರಿಂದ ಯಾರಿಗೂ ಕೊರತೆಯಾಗಿಲ್ಲ. ಸಿಟ್ಟಿನಲ್ಲಿ ಬರೆದು, ಆಮೇಲೆ ರಾಜಿಯಾದ ಅಣ್ಣತಮ್ಮಂದಿರ ಪತ್ರಗಳು ಬ್ಯಾಕಪ್‌ನಲ್ಲಿ ಅದೇ ಸಿಟ್ಟಿನಲ್ಲಿ ಕೂತಿರುತ್ತವೆ. ಅಂಥವನ್ನು ಇಬ್ಬರೂ ಮಾತಾಡಿಕೊಂಡು ಅಳಿಸುವುದು ಒಳ್ಳೆಯದು. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ, ಎಂದರೆ ಮತ್ತೆ ಮತ್ತೆ ಚಿಂತಿಸಬೇಕಾದ ಭಾವನೆಗಳಲ್ಲಿ, ಅನಿತ್ಯ ಮೊದಲನೆಯದು. ಅದನ್ನು ಕೈಚೆಲ್ಲುವ ಉಪದೇಶವೆಂದು ನಾನು ತಿಳಿದಿಲ್ಲ. ಯಾವುದರ ಮೇಲೆ ನಮ್ಮ ದಿನಗಳನ್ನು ವೆಚ್ಚ ಮಾಡಬೇಕು ಎಂದು ಕಣ್ಣು ತೆರೆಸುವ ಅಭ್ಯಾಸ ಅದು.

ಮಾಲೀಕರೇ ಹೋದ ಮೇಲೆ ಮೇಲ್‌ಬಾಕ್ಸಿಗೆ ದಿಕ್ಕು ಯಾರು ಎಂಬುದು ಕೊನೆಯ ಪ್ರಶ್ನೆ. 2004ರ ನವೆಂಬರಿನಲ್ಲಿ ಇರಾಕಿನ ಫಲ್ಲೂಜಾದಲ್ಲಿ ಅಮೆರಿಕದ ಒಬ್ಬ ಯುವ ಮರೀನ್ ಸೈನಿಕ ಮಡಿದ. ಮಗನ ಯಾಹೂ ಮೇಲ್ ಕೊಡಿ ಎಂದು ತಂದೆ ಕೇಳಿದರೆ, ಗೋಪ್ಯತೆಯ ನಿಯಮ ಒಪ್ಪುವುದಿಲ್ಲ ಎಂಬ ಉತ್ತರ ಬಂತು. 2005ರ ಏಪ್ರಿಲಿನಲ್ಲಿ ಮಿಷಿಗನ್‌ನ ನ್ಯಾಯಾಲಯ ಆದೇಶ ಕೊಟ್ಟ ಮೇಲೆ ಪತ್ರಗಳು ಸಿಡಿಯಲ್ಲಿ ಮನೆಗೆ ಬಂದವು. ತಂದೆಯ ಸಂಕಟವೂ ನಿಜ. ಮಗ ಯಾರಿಗೆ ಏನು ಬರೆದಿದ್ದನೋ, ಅವರ ಗುಟ್ಟೂ ನಿಜ. ಅದನ್ನು ತೀರ್ಮಾನಿಸಬೇಕಾದವನು ಬದುಕಿರುವಾಗಲೇ ತೀರ್ಮಾನಿಸಿದರೆ ಉಳಿದವರಿಗೆ ಆ ಹೊರೆ ತಪ್ಪುತ್ತದೆ. ಗೂಗಲ್‌ನಲ್ಲಿ 2013ರಿಂದ ಅದಕ್ಕೊಂದು ಏರ್ಪಾಡಿದೆ. ಖಾತೆ ಇಷ್ಟು ತಿಂಗಳು ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ನಾವೇ ಬರೆದಿಡಬಹುದು. ಬರೆದಿಡದೆ ಹೋದರೆ, ಎರಡು ವರ್ಷ ಯಾರೂ ತೆರೆಯದ ಖಾಸಗಿ ಖಾತೆಯನ್ನು ಅಳಿಸುವ ಹಕ್ಕನ್ನು ಕಂಪನಿ 2023ರ ಡಿಸೆಂಬರಿನಿಂದ ಇಟ್ಟುಕೊಂಡಿದೆ. ಎಷ್ಟು ಮನೆಗಳಲ್ಲಿ ತೀರಿಕೊಂಡವರ ಪತ್ರಗಳು ಈ ಗಡುವಿನತ್ತ ಸಾಗುತ್ತಿರಬಹುದು ಎಂಬುದನ್ನು ನೆನೆದರೆ ನನಗೆ ಸಮಾಧಾನವಿರುವುದಿಲ್ಲ. ಸಿಕ್ಕವರಿಗೆಲ್ಲ ಹೇಳುತ್ತೇನೆ.

ನಮ್ಮ ಅಪ್ಪ ಅಮ್ಮನ ಪತ್ರಗಳನ್ನು ನಾನು ಬೇರೆ ಫೋಲ್ಡರಿನಲ್ಲಿ ಆರಿಸಿಟ್ಟಿದ್ದೇನೆ. ಗೂಗಲ್‌ನ ಟೇಕ್‌ಔಟ್ ಮೂಲಕ ಎಂಬಾಕ್ಸ್ ಕಡತವಾಗಿ ಇಳಿಸಿ, ತೆರೆದು, ಒಂದೆರಡು ಪತ್ರ ಓದಿ ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಮ್ಮ ಕಸುಬಿನವರು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಪ್ರತಿ ನನ್ನ ಬಳಿ ಇದೆ, ಇನ್ನೊಂದು ಡಿಸ್ಕನ್ನು ಈ ಸಲ ಶಿವಮೊಗ್ಗದಲ್ಲಿರುವ ತಂಗಿಯ ಮನೆಗೆ ಒಯ್ದೆ. ಅವಳು ಅದನ್ನು ಬೀರುವಿನಲ್ಲಿ ಮನೆಪತ್ರಗಳ ಜೊತೆ ಇಟ್ಟು ಕೇಳಿದಳು:

"ಇದನ್ನ ಎಷ್ಟು ವರ್ಷ ಇಟ್ಕೋಬೇಕು ಅಣ್ಣಾ?"

"ಐದು ವರ್ಷ. ಆಮೇಲೆ ಹೊಸ ಡಿಸ್ಕಿಗೆ ಹಾಕಿಕೊಡ್ತೀನಿ."

"ನೀನು ಮರೆತರೆ?"

"ಫೋನ್ ಮಾಡಿ ಕೇಳು. ಇಲ್ಲಾಂದ್ರೆ ನಿನ್ನ ಮಗಳು ಪುಟ್ಟಿಗೆ ಈಗಲೇ ಕಲಿಸಿಬಿಡ್ತೀನಿ, ಕರಿ."